ಎರಡನೆಯ ಸೀನು

ನಮ್ಮ ಮನೆಯಲ್ಲಿ ನನ್ನ ಮಾತಿಗಿಂತ ನನ್ನ ಮೂಗಿನ ಮಾತೇ ಹೆಚ್ಚು ನಡೆಯುತ್ತದೆ. ಗಾಂಧಿಬಜಾರಿನಲ್ಲಿ ಸೇವಂತಿಗೆ ಗುಡ್ಡೆ ಹಾಕಿದ್ದರೆ ನಾನು ಸುತ್ತುಬಳಸಿ ಮನೆಗೆ ಬರುತ್ತೇನೆ. ಒಮ್ಮೆ ಶುರುವಾದರೆ ಸೀನು ಹತ್ತು ಹನ್ನೆರಡಕ್ಕೆ ಮೊದಲು ನಿಲ್ಲುವುದಿಲ್ಲ.

ಮೂಗೆಂದರೆ ಬಂದದ್ದನ್ನೆಲ್ಲ ಹೊರಗೆ ದಬ್ಬುವ ಯಂತ್ರವೆಂದೇ ನಾನು ತಿಳಿದಿದ್ದೆ. ಹಾಗಲ್ಲವೆಂದರು ನಮ್ಮ ಡಾಕ್ಟರು. ಮೂಗಿನ ಹಿಂದೆ, ಗಂಟಲಿಗೆ ಇಳಿಯುವ ತಿರುವಿನಲ್ಲಿ, ರೋಗನಿರೋಧಕ ಅಂಗಾಂಶವೊಂದಿದೆಯಂತೆ. ಅದರ ಮೇಲ್ಪದರದ ಕೆಲವು ಜೀವಕೋಶಗಳು ಗಾಳಿಯಲ್ಲಿ ಬಂದ ಕಣಗಳನ್ನು ಬೇಕೆಂದೇ ಒಳಗೆಳೆದು, ಬೆನ್ನ ಹಿಂದೆ ಕಾದು ಕೂತಿರುವ ಬೇರೆ ಜೀವಕೋಶಗಳಿಗೆ ದಾಟಿಸುತ್ತವೆ. ಅವು ಚೆನ್ನಾಗಿ ತಿರುವಿ ನೋಡಿ, ಅಪಾಯವೋ ಅಲ್ಲವೋ ತೀರ್ಮಾನಿಸಿ, ನೆನಪಿಟ್ಟುಕೊಳ್ಳುತ್ತವೆ.

“ನಿಮ್ಗೆ ಸೇವಂತಿಗೆ ವಿಷಯದಲ್ಲಿ ತೀರ್ಮಾನ ಸ್ವಲ್ಪ ತಪ್ಪಾಗಿದೆ ಸಾರ್, ಅಷ್ಟೆ,” ಎಂದರು. ನನಗೆ ಸಮಾಧಾನವೇ ಆಯಿತು. ಮನುಷ್ಯರ ವಿಷಯದಲ್ಲೂ ನನ್ನದು ಅದೇ ಕಥೆ.

ನನ್ನ ಮಗಳು ಸಿಂಧುವಿನ ಮದುವೆ ಮಾತುಕತೆಯ ದಿನ, ಚಾಮರಾಜಪೇಟೆಯ ನಮ್ಮ ನಡುಮನೆಗೇ ಅಂಥದೊಂದು ಅಂಗಾಂಶ ಬಂದು ಕುಳಿತಿತ್ತು. ಹುಡುಗನ ಅಜ್ಜಿ, ಹನುಮಂತನಗರದ ಗೌರಮ್ಮನವರು. ಹುಡುಗ ಹುಡುಗಿ ಎಂದೋ ಒಪ್ಪಿಯಾಗಿತ್ತು; ಬಾಕಿ ಉಳಿದವರು ಇವರೊಬ್ಬರೇ. ನಮ್ಮ ಮೂಲ ಊರು, ಮನೆದೇವರು, ಸಾರಿಗೆ ಬೆಲ್ಲ ಹಾಕುತ್ತೇವೋ ಇಲ್ಲವೋ, ಎಲ್ಲವನ್ನೂ ಕೇಳಿ ತಿಳಿದು ಕೊನೆಗೆ “ಹೂಂ” ಎಂದರು. ರಾಹುಕಾಲಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ತಾಂಬೂಲದ ತಟ್ಟೆಗೆ ಕೈಚಾಚಿದೆ. ತಟ್ಟೆಯ ತುಂಬ ಸೇವಂತಿಗೆ. ಸೀನಿದೆ, ಒಂದೇ ಒಂದು.

ಒಂಟಿ ಸೀನು ಅಪಶಕುನ, ಜೋಡಿಯಾದರೆ ದೋಷವಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಾನೂನು.

“ತಟ್ಟೆ ಕೆಳಗಿಡಿ,” ಎಂದರು ಗೌರಮ್ಮನವರು. “ಇನ್ನೊಂದು ಬರ್ಲಿ. ರಾಹುಕಾಲದೊಳಗೆ ಬರ್ಲಿಲ್ಲಾಂದ್ರೆ ಆಷಾಢ ಕಳೀಲಿ, ಆಮೇಲೆ ನೋಡೋಣ.”

ನನ್ನ ವಾಚಾಳಿ ಮೂಗು ಅಂದು ಮೌನವ್ರತ ಹಿಡಿಯಿತು. ಹೂವಿನಲ್ಲಿ ಮುಖ ಹುದುಗಿಸಿದೆ. ಭಾವಮೈದ ಅಂಗಳಕ್ಕೆ ಎಳೆದೊಯ್ದು ಬಿಸಿಲಿನ ಕಡೆ ಮುಖ ಮಾಡಿಸಿದ. ಹೆಂಡತಿ ಸಾರಿನ ಪುಡಿಯ ಡಬ್ಬಿ ತೆರೆದಳು. ಹುಡುಗನ ತಂದೆ ಸೀನಿದರು, ಅದು ಲೆಕ್ಕಕ್ಕಿಲ್ಲ ಎಂದಾಯಿತು. ಸಿಂಧು ಹತ್ತಿರ ಬಂದು, “ಅಪ್ಪಾ, ಪ್ಲೀಸ್, ಇನ್ನೊಂದ್ಸಲ ಟ್ರೈ ಮಾಡು,” ಎಂದಳು. ಅವಳ ಕಣ್ಣು ತುಂಬಿತ್ತು. ಮಗಳು ಇಷ್ಟು ಸಣ್ಣದನ್ನು ನನ್ನಿಂದ ಯಾವತ್ತೂ ಕೇಳಿರಲಿಲ್ಲ. ಅದನ್ನೂ ಕೊಡಲಾರದೆ ಮತ್ತೆ ಹೂವಿಗೆ ಮೂಗು ಒತ್ತಿದೆ.

ಗೌರಮ್ಮನವರು ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಸೆರಗಿನ ಮರೆಯಲ್ಲಿ ಸೊಂಟಕ್ಕೆ ಕೈಹಾಕಿ, ಪುಟ್ಟ ಬೆಳ್ಳಿ ಡಬ್ಬಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಅದರೊಳಗೆ ನಶ್ಯವಿತ್ತು.

“ಅಮ್ಮಾ, ನೀನು ಇದನ್ನ ಬಿಟ್ಬಿಟ್ಟಿದ್ದೆ ಅಲ್ವಾ?” ಎಂದರು ಹುಡುಗನ ತಂದೆ.

“ಬಿಟ್ಟಿದ್ದೆ ಕಣೋ. ಅದು ನನ್ನ ಬಿಡ್ಲಿಲ್ಲ.” ನನ್ನ ಕಡೆ ತಿರುಗಿ, “ಚಿಟಿಕೆ ಸಾಕು, ತಗೊಳ್ಳಿ,” ಎಂದರು.

ಏರಿಸಿದೆ. ಕಿಟಕಿಯ ಗಾಜು ಅದುರುವಂಥ ಸೀನು ಬಂತು. ಮನೆಯಲ್ಲಿ ಅಂಥ ನಗು ನಾನು ಕೇಳಿಯೇ ಇರಲಿಲ್ಲ. ಸಂತೋಷದಿಂದ ತಟ್ಟೆ ಎತ್ತಿಕೊಂಡೆ, ಅಷ್ಟರಲ್ಲಿ ಮೂರನೆಯದೂ ಬಂದುಬಿಟ್ಟಿತು. ನಗು ನಿಂತಿತು. ಎಲ್ಲರೂ ಗೌರಮ್ಮನವರ ಕಡೆ ನೋಡಿದರು.

ಅವರು ಎಲ್ಲರೆದುರೇ ತಾವೂ ಒಂದು ಚಿಟಿಕೆ ಏರಿಸಿ, ನಿಧಾನವಾಗಿ ಡಬ್ಬಿ ಮುಚ್ಚಿದರು.

“ಬೀಗರಾದ ಮೇಲೆ ಯಾರಾದ್ರೂ ಸೀನು ಎಣಿಸ್ತಾರಾ? ತಟ್ಟೆ ಕೊಡಿ.”