ಮಾಲ್ಸುನ್ ಒತ್ತದ ಮುದ್ರೆ

ಪ್ಯೊ ಮಾಲ್ಸುನ್ ನಮ್ಮ ಗಲ್ಮೆ ದ್ವೀಪಕ್ಕೆ ಸೊಸೆಯಾಗಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಎದುರಿನ ದ್ವೀಪದ ಹುಡುಗಿ. ದೋಣಿಯಿಂದ ಇಳಿದವರೇ ಸೀರೆಯಷ್ಟು ಉದ್ದದ ಮದುವೆಯ ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಸರಿನಲ್ಲಿ ಸಿಕ್ಕಿದ್ದ ದೋಣಿಯನ್ನು ಗಂಡಸರ ಜತೆ ನಿಂತು ತಳ್ಳಿದರಂತೆ. ನಾನಾಗ ಚಿಕ್ಕವನು, ನೋಡಿದ ನೆನಪಿಲ್ಲ. ಆದರೆ ನನ್ನ ತಾಯಿ ಅದನ್ನು ಹೊಗಳಿಕೆಯಾಗಿ ಹೇಳುತ್ತಿರಲಿಲ್ಲ. "ಬಂದ ದಿನವೇ ಗೊತ್ತಾಯ್ತು, ಇವಳು ತಗ್ಗೋ ಪೈಕಿ ಅಲ್ಲ" ಎನ್ನುತ್ತಿದ್ದಳು.

ಅವರ ಗಂಡ ಬ್ಯೊಂಗ್ಮಾನ್ ಅಣ್ಣ ನನ್ನ ಅಣ್ಣನ ಓರಗೆಯವರು. ಹಾಗಾಗಿ ನನಗೆ ಅವರು ಮಾಲ್ಸುನ್ ಅತ್ತಿಗೆ. ನನ್ನ ಹೆಸರು ಮೆಂಗ್ ದುಸಿಕ್. ದೋಣಿ ನಿಲ್ಲುವ ದಕ್ಕೆಯ ಮೇಲೆ ಮೀನುಗಾರರ ಸಂಘದ ಕ್ರೇನ್ ನಡೆಸುತ್ತಿದ್ದೆ. ಮೂವತ್ತೊಂದು ಮನೆಯವರ ಹಸಿ ಗಿಮ್ ನನ್ನ ಕೊಕ್ಕೆಯಿಂದಲೇ ದೋಣಿಯಿಂದ ಹರಾಜಿನ ಕಟ್ಟೆಗೆ ಏರಬೇಕು.

ಗಿಮ್ ಎಂದರೆ ಅನ್ನಕ್ಕೆ ಸುತ್ತಿ ತಿನ್ನುವ ಕರಿ ಹಾಳೆ. ಹಾಳೆಯಾಗುವ ಮೊದಲು ಅದು ಕಡಲಪಾಚಿ. ಶರತ್ಕಾಲದಲ್ಲಿ ಬಲೆಗೆ ಬಿತ್ತಿ, ತೇಲುಬೆಂಡು ಕಟ್ಟಿ ಕಡಲಲ್ಲಿ ಹಾಸಿದರೆ ಡಿಸೆಂಬರಿನಿಂದ ಕೊಯ್ಲು. ತೊಂದರೆ ಏನೆಂದರೆ ಅದೇ ಬಲೆಗೆ ಹಸಿರು ಪಾಚಿಯೂ ಹತ್ತುತ್ತದೆ. ಹಸಿರು ಕಂಡರೆ ಹರಾಜಿನಲ್ಲಿ ವ್ಯಾಪಾರಿ ಮೂಗು ಮುರಿಯುತ್ತಾನೆ. ಬಲೆಯನ್ನು ಆ್ಯಸಿಡ್ಡಿನಲ್ಲಿ ಅದ್ದಿ ತೆಗೆದರೆ ಹಸಿರು ಸಾಯುತ್ತದೆ, ಗಿಮ್ ಉಳಿಯುತ್ತದೆ. ಇದಕ್ಕೆಂದು ಸರ್ಕಾರ ಹುಳಿಹಣ್ಣಿನ ಸತ್ವದಂಥ ಸೌಮ್ಯವಾದ ಔಷಧಿಯನ್ನು ಬಿಳಿ ಡಬ್ಬಗಳಲ್ಲಿ ತುಂಬಿ, ಬಹುಪಾಲು ಖರ್ಚು ತಾನೇ ಹೊತ್ತು ಕಳಿಸುತ್ತದೆ. ಪ್ರತಿ ವರ್ಷ ಲಾಂಚಿನಲ್ಲಿ ಡಬ್ಬ ಬರುತ್ತಿತ್ತು, ನಾವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆವು, ಆಮೇಲೆ ಅವನ್ನು ಗೋದಾಮಿನ ಹಿಂದೆ ಪೇರಿಸುತ್ತಿದ್ದೆವು. ಆ ಔಷಧಿಗೆ ಬಲೆಯನ್ನು ನಿಧಾನಕ್ಕೆ ನೆನೆಸಬೇಕು, ಕೈ ಬೇಕು, ಹೊತ್ತು ಬೇಕು. ಅದಕ್ಕೇ ಇನ್ನೊಂದು ದೋಣಿಯಲ್ಲಿ, ಯಾವ ಫೋಟೋವೂ ಇಲ್ಲದೆ, ನೀಲಿ ಪೀಪಾಯಿಗಳು ಬರುತ್ತಿದ್ದವು. ಅದು ಕಾರ್ಖಾನೆಯ ಆ್ಯಸಿಡ್. ಕಾನೂನಿಗೆ ವಿರುದ್ಧ. ಒಂದು ಸಲ ಅದ್ದಿದರೆ ಹಸಿರೆಲ್ಲ ಮಾಯ.

ಹದಿನಾಲ್ಕು ವರ್ಷದ ಹಿಂದೆ ಬ್ಯೊಂಗ್ಮಾನ್ ಅಣ್ಣನ ದೋಣಿಯಲ್ಲಿ ಅಂಥ ಒಂದು ಪೀಪಾಯಿ ಅಲೆಗೆ ಮಗುಚಿತು. ಮುಚ್ಚಳ ಹಾರಿ ಆ್ಯಸಿಡ್ ಅವರ ಮುಖಕ್ಕೇ ಎರಚಿತು. ಅವರನ್ನು ಪಟ್ಟಣದ ಆಸ್ಪತ್ರೆಗೆ ಒಯ್ದವನು ಸಂಘದ ಅಧ್ಯಕ್ಷ ಓಕ್ ಗಿಚೊಲ್. ಡಾಕ್ಟರು ಕೇಳಿದಾಗ ಅವನೇ ಉತ್ತರ ಕೊಟ್ಟ: "ದೋಣಿ ಬ್ಯಾಟರಿ ಒಡೀತು." ನಿಜ ಹೇಳಿದರೆ ಊರಿನವರ ಪರವಾನಗಿಯೆಲ್ಲ ರದ್ದಾಗುತ್ತಿತ್ತು. ನೋವಿನಲ್ಲಿದ್ದ ಅಣ್ಣ ತಲೆಯಾಡಿಸಿದರು. ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯೂ ಸುಮ್ಮನಿದ್ದರು.

ಎರಡು ಕಣ್ಣೂ ಹೋದವು. ಅಣ್ಣ ಆರು ವರ್ಷ ಬದುಕಿದ್ದರು. ಅಂಗಳದಲ್ಲಿ ಕೂತು ಕೈಯಳತೆಯಲ್ಲೇ ಬಲೆ ಹೊಲಿಯುತ್ತಿದ್ದರು. ಗಂಟುಗಳು ತಪ್ಪಿ ಬೀಳುತ್ತಿದ್ದವು. ಅತ್ತಿಗೆ ಅವರಿಗೆ ತಿಳಿಯದಂತೆ ಅವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಅವರು ತೀರಿಕೊಂಡ ವರ್ಷದಿಂದ ಅತ್ತಿಗೆ ತಮ್ಮ ಬಲೆಗೆ ನೀಲಿಯನ್ನು ಮುಟ್ಟಿಸಲಿಲ್ಲ. ಬಿಳಿ ಡಬ್ಬವನ್ನು ಸ್ವಲ್ಪ ಬಳಸುತ್ತಿದ್ದರು, ಉಳಿದದ್ದಕ್ಕೆ ತೇಲುಬೆಂಡುಗಳನ್ನು ಒಂದೊಂದಾಗಿ ಮಗುಚಿ, ಬಲೆಯನ್ನು ನೀರಿನ ಮೇಲೆತ್ತಿ ಬಿಸಿಲು ಗಾಳಿಗೆ ಒಣಗಿಸುತ್ತಿದ್ದರು. ಹಸಿರು ಪಾಚಿ ಒಣಗಿ ಸಾಯುತ್ತದೆ, ಗಿಮ್ ತಡೆದುಕೊಳ್ಳುತ್ತದೆ. ನಮ್ಮ ಅಜ್ಜಂದಿರು ಮಾಡುತ್ತಿದ್ದದ್ದೇ ಹಾಗೆ. ಜನವರಿಯ ಗಾಳಿಯಲ್ಲಿ ಒಬ್ಬ ಹೆಂಗಸು ವಾರಕ್ಕೆರಡು ಸಲ ಆ ಕೆಲಸ ಮಾಡುವುದನ್ನು ನಾವು ನಮ್ಮ ದೋಣಿಗಳಿಂದ ನೋಡಿ ನಗುತ್ತಿದ್ದೆವು.

ಆರು ವರ್ಷದ ಹಿಂದೆ ಸರ್ಕಾರದ ಹೊಸ ಯೋಜನೆ ಬಂತು. 'ಸ್ವಚ್ಛ ಕಡಲಿನ ಊರು' ಎಂದು ಆಯ್ಕೆಯಾದ ಊರಿಗೆ ಗಿಮ್ ಒಣಗಿಸುವ, ಹುರಿಯುವ ಕಾರ್ಖಾನೆಯನ್ನೂ ಶೀತಲಗೃಹವನ್ನೂ ಕಟ್ಟಿಸಿಕೊಡುತ್ತಾರೆ. ಹಸಿ ಗಿಮ್ ಮಾರಿ ವ್ಯಾಪಾರಿಯ ಮುಖ ನೋಡುವುದು ತಪ್ಪುತ್ತದೆ. ಅದಕ್ಕೆ ಒಂದು ಘೋಷಣಾ ಪತ್ರ, ಮೂರು ಸಾಲು. ಸರ್ಕಾರ ಕೊಟ್ಟ ಔಷಧಿಯನ್ನು ಪೂರ್ತಿ ಬಳಸಿದ್ದೇವೆ. ಬೇರೆ ಆ್ಯಸಿಡ್ ಬಳಸಿಲ್ಲ. ಅಕ್ರಮ ಆ್ಯಸಿಡ್‌ನಿಂದ ಈ ಊರಿನಲ್ಲಿ ಯಾರಿಗೂ ಅಪಾಯವಾಗಿಲ್ಲ. ಕೆಳಗೆ ಮೂವತ್ತೊಂದು ಮನೆಯವರೂ ಸಹಿಯ ಬದಲಿಗೆ ತಮ್ಮ ಹೆಸರು ಕೆತ್ತಿದ ಮುದ್ರೆ ಒತ್ತಬೇಕು. ಒಂದು ಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ.

ಮೂವತ್ತು ಮನೆಯವರು ಒತ್ತಿದರು. ಗಿಚೊಲ್, ನನ್ನ ತಮ್ಮ ದುಗಿಲ್ ಮತ್ತು ನಾನು ಅತ್ತಿಗೆಯ ಮನೆಗೆ ಹೋದೆವು. ಅವರು ಅಂಗಳದಲ್ಲಿ ಕಿಮ್ಚಿ ಎಂಬ ಚಳಿಗಾಲದ ಉಪ್ಪಿನಕಾಯಿಗೆ ಕೋಸು ತೊಳೆಯುತ್ತಿದ್ದರು. ಕೂರಿ ಎನ್ನಲಿಲ್ಲ.

"ಅತ್ತಿಗೆ, ಒಂದು ಮುದ್ರೆ ಒತ್ತಿಬಿಡಿ. ನಿಮ್ಮದೊಂದೇ ಬಾಕಿ" ಎಂದ ಗಿಚೊಲ್.

"ಓದಿದೀನಿ."

"ಓದೋಕೇನಿದೆ ಅದ್ರಲ್ಲಿ? ಸರ್ಕಾರದ ಕಾಗದ."

"ಮೂರನೇ ಸಾಲಿದೆ. ಯಾರಿಗೂ ಏನೂ ಆಗಿಲ್ಲ ಅಂತ. ಹಾಗಾದ್ರೆ ನಮ್ಮನೆಯವ್ರು ಆರು ವರ್ಷ ಗೋಡೆ ತಡವಿಕೊಂಡು ಓಡಾಡಿದ್ದು ಯಾತಕ್ಕೆ ಅಧ್ಯಕ್ಷರೇ?"

"ಅದು ಬ್ಯಾಟರಿ."

"ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ."

ಗಿಚೊಲ್ ನೋಡಲಿಲ್ಲ. ಅತ್ತಿಗೆ ಕೋಸನ್ನು ಎರಡಾಗಿ ಸೀಳಿ ಉಪ್ಪುನೀರಿಗೆ ಹಾಕಿದರು. "ಆ ಸಾಲು ಹೊಡೆದು ಹಾಕಿ. ಇಲ್ಲ, ನನ್ನ ಜೊತೆ ಆಸ್ಪತ್ರೆಗೆ ಬಂದು ಅವತ್ತು ಹೇಳಿದ್ದು ಸುಳ್ಳು ಅಂತ ಬರೆಸಿ. ಎರಡ್ರಲ್ಲಿ ಒಂದು ಮಾಡಿದ್ರೆ ಈಗ್ಲೇ ಒತ್ತುತೀನಿ."

"ಬರೆಸಿದ್ರೆ ಸತ್ತೋರಿಗೆ ಕಣ್ಣು ಬರುತ್ತಾ? ಬದುಕಿರೋರಿಗೆ ಫ್ಯಾಕ್ಟರಿ ಬೇಕು ಕಣ್ರೀ."

ನನ್ನ ತಮ್ಮ ದುಗಿಲ್ ಮೊದಲೇ ಮುಂಗೋಪಿ. "ನೀವೂ ಅವತ್ತು ಬಾಯಿ ಮುಚ್ಕೊಂಡೇ ಇದ್ರಲ್ಲ? ಈಗ ಊರಿಗೆಲ್ಲ ಒಳ್ಳೇದಾಗೋ ಹೊತ್ತಲ್ಲಿ ಬಾಯಿ ಬಂತಾ?"

ಅತ್ತಿಗೆ ಇನ್ನೊಂದು ಕೋಸು ಸೀಳಿದರು. "ಹೌದಪ್ಪ, ಮುಚ್ಕೊಂಡಿದ್ದೆ" ಎಂದರು. ಆಮೇಲೆ ಉಪ್ಪುನೀರಿನ ಬೋಗುಣಿ ಎತ್ತಿದರು. "ಕಾಲು ತೆಗೀರಿ, ನೀರು ಚೆಲ್ತೀನಿ." ನಾವು ತೆಗೆಯುವ ಮೊದಲೇ ಚೆಲ್ಲಿದರು.

ಮಾರನೆಯ ದಿನ ಗಿಚೊಲ್ ದಕ್ಕೆಗೆ ಬಂದು ನನಗೆ ಹೇಳಿದ, "ಕ್ರೇನ್ ಸಂಘದ್ದು. ಸಂಘ ಬೇಡ ಅನ್ನೋರಿಗೆ ಕೊಕ್ಕೆ ಇಳಿಸ್ಬೇಡ." ನಾನು ಇಳಿಸಲಿಲ್ಲ. ಇದನ್ನು ಮೆದುಗೊಳಿಸಿ ಹೇಳಲು ನನಗೆ ಬರುವುದಿಲ್ಲ. ಅತ್ತಿಗೆಯ ದೋಣಿ ಗಂಟೆಗಟ್ಟಲೆ ಕೆಳಗೆ ಕಾಯುತ್ತಿತ್ತು, ನಾನು ಮೇಲೆ ಗಾಜಿನ ಗೂಡಿನಲ್ಲಿ ಬಿಸಿ ಕಾಫಿ ಕುಡಿಯುತ್ತಿದ್ದೆ. ಮೊದಲ ದಿನ ಅವರು ಒಮ್ಮೆ ಕೂಗಿ ಕರೆದರು. ಆಮೇಲೆ ಕರೆಯಲಿಲ್ಲ. ಹಸಿ ಗಿಮ್ಮನ್ನು ಬುಟ್ಟಿಗಳಿಗೆ ತುಂಬಿ, ಪಾಚಿಗಟ್ಟಿದ ಕಲ್ಲುಮೆಟ್ಟಿಲುಗಳ ಮೇಲೆ ಹೊತ್ತು ತಂದರು. ಮೂವತ್ತಕ್ಕೂ ಹೆಚ್ಚು ಸಲ ಹತ್ತಿ ಇಳಿಯಬೇಕು. ಅಷ್ಟರಲ್ಲಿ ಹರಾಜು ಮುಗಿದಿರುತ್ತಿತ್ತು. ಊರಿನ ಹೆಂಗಸರು ಒಟ್ಟಿಗೆ ಕೂತು ಕಿಮ್ಚಿ ಹಾಕುವಾಗ ಅವರನ್ನು ಕರೆಯಲಿಲ್ಲ. ಅಂಗಡಿಯವನು ಗ್ಯಾಸ್ ಇಲ್ಲ ಎನ್ನುತ್ತಿದ್ದ. ಯಾರೋ ಅವರ ದೋಣಿಯ ಹಗ್ಗ ಬಿಚ್ಚಿದರು. ಅದು ಮಗ್ಗುಲಿನ ಕೊಲ್ಲಿಯಲ್ಲಿ ಸಿಕ್ಕಿತು.

ಅರ್ಜಿಯ ಕೊನೆಯ ದಿನ ಹತ್ತಿರವಾದಾಗ ಗಿಚೊಲ್ ನನ್ನ ಕೈಗೊಂದು ಚೀಟಿ ಕೊಟ್ಟ. ಅದರಲ್ಲಿ ಇದ್ದದ್ದು ಅತ್ತಿಗೆಯ ಹೆಸರು. "ಪಟ್ಟಣಕ್ಕೆ ಹೋಗ್ತೀಯಲ್ಲ, ಒಂದು ಮುದ್ರೆ ಕೆತ್ತಿಸ್ಕೊಂಡು ಬಾ. ಯಾವುದಾದ್ರೂ ಆಗುತ್ತೆ." ಮುದ್ರೆ ಕೆತ್ತುವ ಅಂಗಡಿಯಲ್ಲಿ ಯಾರೂ ಗುರುತು ಕೇಳುವುದಿಲ್ಲ. ನಾನು ನೂಡಲ್ಸ್ ತಿಂದು ಬರುವಷ್ಟರಲ್ಲಿ ಸಿದ್ಧವಾಗಿತ್ತು.

ಮಾರ್ಚಿನಲ್ಲಿ ಪರಿಶೀಲನೆಗೆ ನಮ್ಗುಂಗ್ ಎಂಬ ಅಧಿಕಾರಿ ಬಂದರು. ಒಳ್ಳೆಯ ಬೂಟು, ಕೈಯಲ್ಲಿ ಕಡತ. ಸಂಘದವರೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿದ್ದೆವು. ಬಿಳಿ ಡಬ್ಬಗಳಿಗೆ ಟಾರ್ಪಾಲು ಹೊದಿಸಿತ್ತು. ಅಧಿಕಾರಿ ಟಾರ್ಪಾಲನ್ನು ನೋಡಿದರು, ಅದರಡಿ ಏನಿದೆ ಎಂದು ಕೇಳಲಿಲ್ಲ. ಕಡತದಲ್ಲಿ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಮೆಟ್ಟಿಲೇರಿ ಅತ್ತಿಗೆ ಬಂದರು, ಬೆನ್ನ ಮೇಲೆ ಬುಟ್ಟಿ.

"ಸಾಹೇಬರೇ, ನಾನು ಮುದ್ರೆ ಒತ್ತಿಲ್ಲ. ನನ್ನ ಮುದ್ರೆ ಇಲ್ದೆ ಪರಿಶೀಲನೆಗೆ ಹೇಗೆ ಬಂದ್ರಿ?"

ಅಧಿಕಾರಿ ಹಾಳೆ ತಿರುವಿದರು. "ಪ್ಯೊ ಮಾಲ್ಸುನ್ ತಾನೇ? ಇಲ್ಲೇ ಇದೆಯಲ್ಲಮ್ಮ. ಮೂವತ್ತೊಂದೂ ಇವೆ."

ಅತ್ತಿಗೆ ಬಗ್ಗಿ ನೋಡಿದರು. "ನನ್ನದು ಮೂಲೆ ಮುರಿದ ಮರದ ಮುದ್ರೆ. ನಮ್ಮಪ್ಪ ಕೊಟ್ಟಿದ್ದು. ಇದು ಯಾರದು?"

ಗಿಚೊಲ್ ನಕ್ಕ. "ವಯಸ್ಸಾಯ್ತು ಸಾರ್. ಒತ್ತಿದ್ದು ಮರೆತುಬಿಟ್ಟಿದಾರೆ. ಗಂಡ ಹೋದ್ಮೇಲೆ ಹೀಗೇ."

"ಅಮ್ಮಾ, ಕಾಗದದಲ್ಲಿ ಎಲ್ಲ ಸರಿ ಇದೆ. ನಿಮ್ಮ ನಿಮ್ಮ ಜಗಳ ಊರೊಳಗೇ ಬಗೆಹರಿಸ್ಕೊಳ್ಳಿ" ಎಂದರು ಅಧಿಕಾರಿ.

ಅತ್ತಿಗೆ ಬುಟ್ಟಿ ಇಳಿಸಿದರು. ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. "ದುಸಿಕ್, ಗೋದಾಮಿನ ಹಿಂದಿನ ನೀಲಿ ಪೀಪಾಯಿ ಒಂದನ್ನ ಎತ್ತಿ ಇಲ್ಲಿಡು."

ನಾನು ಅಲುಗಾಡಲಿಲ್ಲ. ಅವರು ಹೆಚ್ಚು ಹೊತ್ತು ಕಾಯಲೂ ಇಲ್ಲ. ತಾವೇ ಹೋಗಿ, ದೋಣಿಯಿಂದ ನೀರು ತೋಡುವ ಪ್ಲಾಸ್ಟಿಕ್ ಚಂಬಿನಲ್ಲಿ ತುಂಬಿಕೊಂಡು, ಕೈ ಚಾಚಿ ಹಿಡಿದು ನಡೆದು ಬಂದರು. ದಾರಿ ಬಿಡದೆ ಯಾರಿಗೂ ಗತಿಯಿರಲಿಲ್ಲ. ದಕ್ಕೆಯ ಅಂಚಿನಲ್ಲಿ ಸಿಂಪಿ ಚಿಪ್ಪುಗಳ ರಾಶಿಯಿತ್ತು. ಅದರ ಮೇಲೆ ಸುರಿದರು. ಚಿಪ್ಪುಗಳು ಬುಸುಗುಟ್ಟಿ ನೊರೆಯೆದ್ದು ಕುದಿದವು. ಹೊಗೆಯ ವಾಸನೆಗೆ ಅಧಿಕಾರಿ ಕೆಮ್ಮುತ್ತ ಹಿಂದೆ ಸರಿದರು. ನೊರೆ ಅವರ ಬೂಟಿನ ತುದಿಗೆ ತಾಗಿತು.

"ಇದು ನಿಮ್ಮ ಬಿಳಿ ಡಬ್ಬದ್ದಾ ಸಾಹೇಬರೇ? ಇದೇ ನಮ್ಮನೆಯವರ ಕಣ್ಣು ಸುಟ್ಟಿದ್ದು. ಈಗ ಕಡತದಲ್ಲಿ ಎಲ್ಲಿ ಗುರುತು ಹಾಕ್ತೀರೋ ಹಾಕಿ."

ಅಷ್ಟು ಜನರ ಮುಂದೆ ಬೂಟು ಸುಟ್ಟುಕೊಂಡ ಮೇಲೆ ನೋಡಲಿಲ್ಲ ಎನ್ನುವುದು ಅವರಿಗೂ ಆಗಲಿಲ್ಲ. ಟಾರ್ಪಾಲು ತೆಗೆದರು. ಬಳಸಿದ್ದೇವೆ ಎಂದು ಬರೆದುಕೊಟ್ಟ ಮೂರು ವರ್ಷದ ಡಬ್ಬಗಳು ಸೀಲು ಒಡೆಯದೆ ಕೂತಿದ್ದವು.

ಕಾರ್ಖಾನೆ ಹೋಯಿತು. ಹನ್ನೊಂದು ಮನೆಗಳ ಪರವಾನಗಿಯನ್ನು ಒಂದು ಋತುವಿಗೆ ತಡೆಹಿಡಿದರು, ನನ್ನ ತಮ್ಮನದೂ ಅದರಲ್ಲಿತ್ತು. ಆ ವಾರವೇ ಒಂದು ಬೆಳಿಗ್ಗೆ ಅತ್ತಿಗೆ ಕಡಲಿಗೆ ಹೋದಾಗ ಅವರ ಬಲೆಗಳನ್ನೆಲ್ಲ ಯಾರೋ ಉದ್ದಕ್ಕೂ ಕತ್ತರಿಸಿ ಹಾಕಿದ್ದರು. ಕೊಯ್ಲಿಗೆ ಬಂದಿದ್ದ ಗಿಮ್ ದಡದಲ್ಲಿ ಕರಿ ಚಿಂದಿಯಾಗಿ ಬಿದ್ದಿತ್ತು. ಅವರು ದಿನವಿಡೀ ಒಬ್ಬರೇ ಆ ತುಂಡುಗಳನ್ನು ಎಳೆದು ತಂದು ಅಂಗಳದಲ್ಲಿ ರಾಶಿ ಹಾಕಿದರು. ನಾನು ಕ್ರೇನಿನ ಗೂಡಿನಿಂದ ನೋಡಿದೆ. ತಮ್ಮನ ದೋಣಿಯಲ್ಲಿ ಹೊಸ ಕುಡುಗೋಲು ಇದ್ದದ್ದನ್ನು ಹಿಂದಿನ ದಿನವಷ್ಟೇ ಕಂಡಿದ್ದೆ.

ಎರಡು ವಾರ ತಡೆದುಕೊಂಡೆ. ಆಮೇಲೆ ಕಡಲ ಪೊಲೀಸರ ಠಾಣೆಗೆ ಹೋಗಿ ಮುದ್ರೆ ಕೆತ್ತಿಸಿದ್ದನ್ನೂ ಕುಡುಗೋಲನ್ನೂ ಹೇಳಿದೆ. ಯಾವ ಧೈರ್ಯದಿಂದಲೂ ಅಲ್ಲ, ಊಟ ಸೇರುತ್ತಿರಲಿಲ್ಲ. ಗಿಚೊಲ್‌ನ ಅಧ್ಯಕ್ಷಗಿರಿ ಹೋಯಿತು, ದಂಡವಾಯಿತು. ತಮ್ಮನಿಗೂ ಆಯಿತು. ಅವನು ನನ್ನ ಮನೆ ಬಾಗಿಲಿಗೆ ಬಂದು, "ಅಪ್ಪನ ತಿಥಿಗೂ ನನ್ನ ಹೊಸ್ತಿಲು ತುಳಿಬೇಡ" ಎಂದ. ತುಳಿದಿಲ್ಲ. ಸಂಘ ಕ್ರೇನ್‌ಗೆ ಬೇರೆಯವನನ್ನು ಇಟ್ಟಿತು.

ನಾನು ಅತ್ತಿಗೆಯ ಮನೆಗೂ ಹೋಗಿದ್ದೆ. ಅವರು ಕತ್ತರಿಸಿದ ಬಲೆಯ ತುಂಡುಗಳನ್ನು ಜೋಡಿಸುತ್ತಿದ್ದರು. "ಅತ್ತಿಗೆ, ಬಲೆ ಹೊಲಿಯೋಕೆ ನಾನು ಬರ್ತೀನಿ" ಎಂದೆ.

"ಮುದ್ರೆ ತಂದಿದ್ದು ನೀನು ಅಲ್ವಾ?"

"ಹೌದು."

"ಹೇಳಿದ್ದು ಒಳ್ಳೇದಾಯ್ತು. ಹೊರಡು."

ಅಷ್ಟೇ. ಅವರು ಅದೇ ಬೇಸಿಗೆಯಲ್ಲಿ ಪೊಲೀಸರ ಕಾಗದ ಹಿಡಿದು ಪಟ್ಟಣದ ಆಸ್ಪತ್ರೆಗೆ ಐದು ಸಲ ಹೋದರು. ಹಳೆಯ ದಾಖಲೆ ತಿದ್ದುವುದಿಲ್ಲ ಎಂದರು ಅಲ್ಲಿಯವರು. ಕೊನೆಗೆ ಅದರ ಜತೆ ಒಂದು ಹಾಳೆ ಸೇರಿಸಿದರು. ಗಾಯವಾದದ್ದು ಗಿಮ್ ಬಲೆಗೆ ಬಳಸುವ ಕಾರ್ಖಾನೆ ಆ್ಯಸಿಡ್‌ನಿಂದ ಎಂದು ಹೆಂಡತಿ ಹೇಳಿದ್ದಾಳೆ, ಇಷ್ಟೇ ಅದರಲ್ಲಿ. ಅದರ ನಕಲನ್ನು ಅಣ್ಣನ ಶ್ರಾದ್ಧದ ದಿನ ಎಡೆಯ ಪಕ್ಕದಲ್ಲಿಟ್ಟು ಎರಡು ಸಲ ಅಡ್ಡಬಿದ್ದರೆಂದು ಪಕ್ಕದ ಮನೆಯಾಕೆ ನನ್ನ ಹೆಂಡತಿಗೆ ಹೇಳಿದಳು. ಆ ಪಕ್ಕದ ಮನೆಯಾಕೆಯೂ ಅವರ ಜತೆ ಮಾತಾಡುವುದಿಲ್ಲ, ಬೇಲಿಯಿಂದ ನೋಡಿದ್ದು.

ಕಾರ್ಖಾನೆ ಇನ್ನೊಂದು ದ್ವೀಪದ ಪಾಲಾಯಿತು. ಅಲ್ಲಿಯವರು ಏನು ಬಳಸುತ್ತಾರೆಂದು ನಮಗೆ ಗೊತ್ತು. ಬಿಳಿ ಡಬ್ಬ ಈಗಲೂ ಬರುತ್ತದೆ, ಫೋಟೋ ಈಗಲೂ ತೆಗೆಯುತ್ತಾರೆ. ನಮ್ಮಲ್ಲಿ ಆರೇಳು ಮನೆಯವರು ಮಾತ್ರ ಅದನ್ನು ಬಳಸುತ್ತಾರೆ, ಭಯಕ್ಕೆ. ಅತ್ತಿಗೆ ತಮ್ಮ ಗಿಮ್ಮನ್ನು ತವರಿನ ದ್ವೀಪದ ಹರಾಜಿಗೆ ಒಯ್ಯುತ್ತಾರೆ. ಅದರಲ್ಲಿ ಹಸಿರು ಎಳೆಗಳು ಇರುತ್ತವೆ, ಬೆಲೆ ಕಡಿಮೆ. ಅಲ್ಲೊಬ್ಬ ಮುದುಕ ವ್ಯಾಪಾರಿ ಮಾತ್ರ ಇವರದ್ದನ್ನೇ ಕೇಳಿ ಕೊಳ್ಳುತ್ತಾನಂತೆ.

ಹೋದ ಚಳಿಗಾಲದಲ್ಲಿ ದ್ವೀಪಗಳನ್ನು ಸುತ್ತುವ ಆಸ್ಪತ್ರೆ ಹಡಗು ಬಂದಿತ್ತು. ಮೊಣಕಾಲು ತೋರಿಸಲು ನಾನು ಹೋಗಿದ್ದೆ. ಉದ್ದ ಬೆಂಚಿನ ಆ ತುದಿಯಲ್ಲಿ ಅತ್ತಿಗೆ, ಈ ತುದಿಯಲ್ಲಿ ಗಿಚೊಲ್, ಅವರಿಬ್ಬರ ನಡುವೆ ಕೂರಲು ಯಾರೂ ಮುಂದಾಗಿರಲಿಲ್ಲ. ಇಬ್ಬರ ಕೂದಲೂ ಬೆಳ್ಳಗಾಗಿದೆ. ನರ್ಸ್ ಬಂದು, "ಒಂದೇ ಊರಿನೋರಲ್ವಾ, ಸ್ವಲ್ಪ ಹತ್ತಿರ ಸರಿದು ಕೂತ್ರೆ ಇನ್ನಿಬ್ರಿಗೆ ಜಾಗ ಆಗುತ್ತೆ" ಎಂದಳು. ಗಿಚೊಲ್ ಅಲುಗಾಡಲಿಲ್ಲ. ಅತ್ತಿಗೆ, "ನಿಂತಿರೋರು ನಿಂತಿರ್ಲಿ" ಎಂದರು. ನಾನು ಒಂದು ಗಂಟೆ ನಿಂತೇ ಇದ್ದೆ.