ಮೌಶಿಯ ಪಕ್ಕದ ಕಲ್ಲು

ಮೊನ್ನೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರ್ ಹುಡುಗಿ ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ನನ್ನ ದವಡೆಗೆ ಒತ್ತಿದಳು. ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಎಂದು ಅವಳು ಭುಜ ತಟ್ಟಿದಳು. ನೋವಲ್ಲ, ಆ ವಾಸನೆ. ಮುಂಬಯಿಯ ಸಯನ್ನಿನ ನಮ್ಮ ಹಳೆಯ ಚಾಳಿನ ಎರಡನೇ ಮಹಡಿಯ ಪಡಸಾಲೆಯಲ್ಲಿ ಹಗಲೆಲ್ಲ ಅದೇ ವಾಸನೆ ಸುಳಿದಾಡುತ್ತಿತ್ತು. ಆ ಚಾಳು ಈಗಿಲ್ಲ, ಅಲ್ಲಿ ಗಾಜಿನ ಬಿಲ್ಡಿಂಗ್ ನಿಂತಿದೆ. ಅಲ್ಲಿದ್ದವರಲ್ಲಿ ಹೆಚ್ಚಿನವರೂ ಇಲ್ಲ. ನಿಮ್ಮ ಚಾಳುಗಳೂ ಹೀಗೇ ಹೋಗಿರಬಹುದು, ಅದಕ್ಕೇ ನಿಮ್ಮ ಮುಂದೆ ಇದನ್ನು ಹೇಳುವ ಧೈರ್ಯ ಮಾಡುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು, ಅಪ್ಪ ಮಿಲ್ಲಿನಲ್ಲಿ ಗುಮಾಸ್ತ. ನಮ್ಮ ಖೋಲಿಯ ಗೋಡೆಗೆ ಅಂಟಿಕೊಂಡೇ ಒಬ್ಬ ಚೀನಿ ದಂತವೈದ್ಯರ ಖೋಲಿ. ಹುಡುಗರಾಗಿದ್ದಾಗಲೇ ಹಡಗು ಹತ್ತಿ ಮುಂಬಯಿಗೆ ಬಂದವರು. ಅವರ ಹೆಸರು ಯಾರ ನಾಲಿಗೆಯ ಮೇಲೂ ಹೊರಳದೆ ಚಾಳಿಗೆಲ್ಲ ಅವರು ಕಾಕಾ, ಹೆಂಡತಿ ಮೌಶಿ. ಮಗಳು ಲಿನ್ ನನಗಿಂತ ತುಂಬ ಚಿಕ್ಕವಳು. ಪರದೆಯ ಈಚೆಗೆ ದವಾಖಾನೆ, ಆಚೆಗೆ ಸಂಸಾರ. ಕಿಟಕಿಯ ಕಟ್ಟೆಯ ಮೇಲೆ ಗುಲಾಬಿ ಒಸಡಿನ ಹಲ್ಲಿನ ಸೆಟ್ಟುಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಕಾಕಾ ನಮ್ಮ ಅಜ್ಜಿಗೂ ಒಂದು ಸೆಟ್ಟು ಕಟ್ಟಿದರು. ಅಜ್ಜಿ ಮುಖ ತಿರುಗಿಸಿದಳು. "ಹಂದಿ ತಿನ್ನೋರ ಕೈಯಾಗಿಂದು ನಾ ಬಾಯಾಗ ಇಟ್ಕೋಬೇಕೇನು?" ಕಾಕಾ ನಗುತ್ತ, "ಅಜ್ಜಿ, ಹಲ್ಲು ಹಂದಿ ನಹೀ ಖಾತಾ. ನೀವು ಚಕ್ಲಿ ತಿಂದ್ರೆ ಅದೂ ಚಕ್ಲಿ ತಿಂತದೆ" ಎಂದರು. ಅಜ್ಜಿ ಸೆಟ್ಟನ್ನು ತುಳಸಿ ನೀರಿನಲ್ಲಿ ನೆನೆಹಾಕಿಟ್ಟು, ಮರುದಿನ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳಿಸುವಂತೆ ಕಟಂಕಟಂ ಎಂದು ಚಕ್ಕುಲಿ ತಿಂದಳು. "ಚೀನ್ಯಾ ಶ್ಯಾಣ್ಯಾ ಅದಾನ" ಎಂದಳು. ಅಂದಿನಿಂದ ಮೌಶಿ ಸಂಜೆ ನಮ್ಮ ಹೊಸ್ತಿಲಲ್ಲಿ ಕೂತು ಅಜ್ಜಿಯಿಂದ ಕನ್ನಡ ಕಲಿತಳು. ಅವಳ ಚಹಾದ ಕಪ್ಪು ಮಾತ್ರ ಬಾಗಿಲ ಹೊರಗಿನ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಅವಳು ತಾನೇ ಅದನ್ನು ತೊಳೆದು ಬೋರಲು ಹಾಕಿ ಹೋಗುತ್ತಿದ್ದಳು.

ಚೀನಾದ ಜೊತೆ ಯುದ್ಧವಾದಾಗ ಕಾಕಾ ಕಟ್ಟಿದ ಹಲ್ಲು ಹಾಕಿಕೊಂಡವರೇ ಅವರ ಬೋರ್ಡಿಗೆ ಕಲ್ಲೆಸೆದರು. ದವಾಖಾನೆಗೆ ಜನ ಬರುವುದು ನಿಂತಿತು. ಕಾಕಾ ಪರದೆಯ ಆಚೆಗೇ ಉಳಿದರು, ಕೆಲವೇ ತಿಂಗಳಲ್ಲಿ ಹೃದಯ ನಿಂತು ಹೋದರು. ಆಂಟಾಪ್ ಹಿಲ್ ಕಡೆಯ ಚೀನಿ ಸ್ಮಶಾನದಲ್ಲಿ ಒಂದು ಹುಣಸೆ ಮರದ ಕೆಳಗೆ ಅವರನ್ನು ಮಣ್ಣು ಮಾಡಿದರು. ಯುಗಾದಿಯ ಆಸುಪಾಸಿನಲ್ಲಿ ಬರುವ ಅವರ ಹಿರಿಯರ ದಿನ ಮೌಶಿ ನನ್ನನ್ನೂ ಕರೆದೊಯ್ದಳು. ಕಳೆ ಕಿತ್ತು, ಕಲ್ಲು ತೊಳೆದು, ಕಿತ್ತಳೆ ಇಟ್ಟು, ಒಂದು ಕಪ್ಪು ಚಹಾ ನೆಲಕ್ಕೆ ಸುರಿದು, ಸತ್ತವರಿಗೆ ಮನೆಯ ಸುದ್ದಿ ಹೇಳುವುದು ಅವರ ಪದ್ಧತಿ. ಮುಂದೆ ಮೌಶಿಯ ಅಣ್ಣ ತಾಯಿ-ಮಗಳಿಬ್ಬರನ್ನೂ ಲಂಡನ್ನಿಗೆ ಕರೆಸಿಕೊಂಡ. ಹೊರಡುವ ದಿನ ಅವಳು ನನ್ನ ಕೈ ಹಿಡಿದು, "ಗುರೂ, ವರ್ಷಕ್ಕ ಒಂದ್ ಸಲ ಕಾಕಾಗ ಚಾಯ್ ಕೊಡ್ತೀ ನಾ? ಯಾರೂ ಬರಲಿಲ್ಲಂದ್ರ ಅವರು ದಾರಿ ನೋಡ್ಕೋತ ಕೂಡ್ತಾರ" ಎಂದಳು. ನಾನು ಆಗಲಿ ಎಂದೆ.

ಮೊದಲು ಕೆಲವು ವರ್ಷ ತಪ್ಪದೆ ಹೋದೆ. ತಿರುಗಿ ಬಂದಾಗ ಅಜ್ಜಿ ಹೊರಗಿನ ನಳದ ಕೆಳಗೆ ಸ್ನಾನ ಮಾಡಿಸಿಯೇ ಒಳಗೆ ಬಿಡುತ್ತಿದ್ದಳು. ಮ್ಯಾಟ್ರಿಕ್ ಮುಗಿಸಿ ಫೋರ್ಟಿನ ಒಂದು ಆಫೀಸು ಸೇರಿದೆ, ಮದುವೆಯಾಯಿತು. ಆ ವರ್ಷ ನಾನು ಫ್ಲಾಸ್ಕು ಹಿಡಿದು ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಬಸುರಿ ಹೆಂಡ್ತಿನ್ನ ಮನ್ಯಾಗ ಇಟ್ಕೊಂಡು ಮಸಣಾ ತುಳೀತೀ ಏನೋ? ಒಂದ್ ವರ್ಷ ಚಾ ಇಲ್ಲಂದ್ರ ಅಂವೇನ್ ಸಾಯ್ತಾನೇನು?" ಅಂದದ್ದೇನೆಂದು ಹೊಳೆದು ಅವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ, ಫ್ಲಾಸ್ಕು ಕೆಳಗಿಟ್ಟೆ. ಮುಂದಿನ ವರ್ಷ ಮಗು ಎಳೆಯದು, ಆಮೇಲೆ ಎರಡನೆಯ ಬಸಿರು, ಆಮೇಲೆ ಕಾರಣವೇ ಬೇಕಾಗಲಿಲ್ಲ. ಲಂಡನ್ನಿನಿಂದ ಫೋನು ಬಂದಾಗಲೆಲ್ಲ ಮೌಶಿ ಕೇಳುತ್ತಿದ್ದಳು, "ಹೋಗಿದ್ದೀ?" ಹೋಗಿದ್ದೆ ಎನ್ನುತ್ತಿದ್ದೆ. "ಒಳ್ಳೇ ಹುಡುಗ" ಎನ್ನುತ್ತಿದ್ದಳು. ನನ್ನ ಕೂದಲು ಬೆಳ್ಳಗಾದ ಮೇಲೂ ಹಾಗೇ ಎಂದಳು.

ಹೋದ ಚಳಿಗಾಲದಲ್ಲಿ ಲಿನ್ ಫೋನು ಮಾಡಿದಳು. ಮೌಶಿ ತೀರಿಕೊಂಡಿದ್ದಳು. ಗಂಡನ ಪಕ್ಕದಲ್ಲೇ ತನ್ನನ್ನು ಇಡಬೇಕೆಂದು ಅವಳ ಆಸೆಯಂತೆ, ಬೂದಿ ತೆಗೆದುಕೊಂಡು ಲಿನ್ ಮುಂದಿನ ವಾರ ಬರುವವಳಿದ್ದಳು. ನಾನು ಮರುದಿನವೇ ಸ್ಮಶಾನಕ್ಕೆ ಓಡಿದೆ. ಹುಣಸೆ ಮರವಿರಲಿಲ್ಲ. ಅದರ ಬುಡ ಎಲ್ಲಿತ್ತೆಂಬುದೂ ತಿಳಿಯಲಿಲ್ಲ. ಆ ಮೂಲೆಯಲ್ಲಿ ಮಣ್ಣಿನಲ್ಲಿ ಅರ್ಧ ಹೂತ ನಾಲ್ಕು ಕಲ್ಲುಗಳಿದ್ದವು, ಅಕ್ಷರಗಳೆಲ್ಲ ಸವೆದು ನುಣ್ಣಗಾಗಿದ್ದವು. ಕಾವಲಿನವನು, "ಇಷ್ಟು ಹಳೇದು ಯಾರಿಗೆ ಗೊತ್ತು ಚಾಚಾ" ಎಂದ. ಆಮೇಲೆ ನಾನು ಮಾಡಿದ್ದನ್ನು ಹೇಗೆ ಬರೆಯಲಿ? ನಾಲ್ಕರಲ್ಲಿ ಒಂದು ಕಲ್ಲು ಆರಿಸಿ, ಸುತ್ತಲಿನ ಕಳೆ ಕಿತ್ತು, ಬ್ರಶ್ಶಿನಿಂದ ಉಜ್ಜಿ, ವರ್ಷವರ್ಷವೂ ನೋಡಿಕೊಂಡವರಂತೆ ಹಸನು ಮಾಡಿದೆ.

ಲಿನ್ ಬಂದಳು. ಅವಳ ಕೂದಲೂ ನೆರೆತಿತ್ತು. "ಗುರಣ್ಣಾ, ಇಲ್ಲಿ ಹುಣಸೀ ಝಾಡ ಇತ್ತಲ್ಲ?" ಎಂದಳು. ಬಾಯಿ ಬಿಡಬೇಕಾದ ಗಳಿಗೆ ಅದೊಂದೇ ಆಗಿತ್ತು. "ಕಡಿದುಹಾಕಿದರು" ಎಂದೆ. "ಎಷ್ಟು ಚೊಕ್ಕ ಇಟ್ಟೀ!" ಎಂದು ಅವಳು ಕಲ್ಲನ್ನು ಸವರಿದಳು. ಕಾವಲಿನವನು ಗುಂಡಿ ತೋಡಿದ. ಬೂದಿ ಇಳಿಸಿ ಮಣ್ಣು ಮುಚ್ಚಿದ ಮೇಲೆ ಅವಳು, "ಬಾಬಾ, ಮಾ ಆ ಗಯೀ" ಎಂದು ಮೆಲ್ಲಗೆ ಹೇಳಿ, ತಿರುಗಿ, ಬಗ್ಗಿ ನನ್ನ ಕಾಲು ಮುಟ್ಟಿದಳು. ಕಾಲು ಹಿಂದೆಳೆಯಲು ನನ್ನಿಂದ ಆಗಲಿಲ್ಲ.

ಹೇಳಿದರೆ ಆ ಮಗಳ ಎದೆಯಿಂದ ತಾಯಿಯನ್ನು ಇನ್ನೊಮ್ಮೆ ಕಿತ್ತಂತೆ. ಹೇಳದಿದ್ದರೆ ಮೌಶಿ ಯಾರೋ ಗುರುತಿಲ್ಲದವರ ಪಕ್ಕ ಮಲಗಿರಬಹುದು. ಮೊಣಕಾಲು ಒಪ್ಪಿದ ದಿನ ಬಸ್ಸು ಹಿಡಿದು ಹೋಗುತ್ತೇನೆ. ನಾಲ್ಕು ಕಲ್ಲಿಗೂ ಚಹಾ ಸುರಿಯುತ್ತೇನೆ. ಯಾರೂ ಇಲ್ಲದ್ದನ್ನು ನೋಡಿಕೊಂಡು, ಅವಳು ಅಜ್ಜಿಯಿಂದ ಕಲಿತ ಮಾತಿನಲ್ಲೇ ಹೇಳುತ್ತೇನೆ: "ಮೌಶಿ, ಕಾಕಾ ಇಲ್ಲೇ ಎಲ್ಲೋ ಅದಾರ. ದೂರ ಇಲ್ಲ."