ಸಿಸ್ಟರಮ್ಮನ ಇಟಲಿ ಕಾರು

ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಓಣಿಗೆಲ್ಲ ಅವರು ಸಿಸ್ಟರಮ್ಮ. ಬದನೆಕಾಯಿಯಿರಲಿ, ಮಗುವಿನ ಹಣೆಯಿರಲಿ, "ತಡೀರಿ, ಮುಟ್ಟಿ ನೋಡೂಣು" ಅನ್ನುತ್ತಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು, ಇಟಲಿಯ ಹಳೇ ಸ್ಪೋರ್ಟ್ಸ್ ಕಾರು.

ಕಾರು ಆರಿಸಲು ನನ್ನನ್ನೂ ಹೈದರಾಬಾದಿಗೆ ಕರೆದೊಯ್ದರು. ಅವರ ಕೈಯಲ್ಲಿದ್ದ ದುಡ್ಡಿಗೆ ಎರಡರಲ್ಲಿ ಒಂದು ಸಿಗುವಂತಿತ್ತು. ಒಂದು ಕೆಂಪಗೆ ಫಳಫಳ ಹೊಳೆಯುತ್ತಿತ್ತು, ಆದರೆ ಎಂಜಿನ್ ಸತ್ತಿತ್ತು. ಇನ್ನೊಂದರ ಬಣ್ಣ ಸುಲಿದು ಬಟ್ಟೆಯ ಟಾಪು ಹರಿದಿತ್ತು, ಆದರೂ ಓಡುತ್ತಿತ್ತು. ನಾನು ಕೆಂಪು ಕಾರನ್ನೇ ನೋಡುತ್ತ ನಿಂತೆ. ಸಿಸ್ಟರಮ್ಮ ಎರಡರ ಬಾನೆಟ್ಟಿನ ಮೇಲೂ ಅಂಗೈ ಇಟ್ಟು, "ಮಾಸ್ತರ, ಇದರಾಗ ಜೀವ ಅದ" ಎಂದು ಹರಕು ಕಾರನ್ನೇ ಕೊಂಡರು.

ಅದಕ್ಕೆ ಎರಡೇ ಸೀಟು. ಇಬ್ಬರು ಕೂತರೆ ಸ್ಪೀಡ್ ಬ್ರೇಕರಿಗೆ ಅದರ ಹೊಟ್ಟೆ ತಾಗುತ್ತಿತ್ತು. ಹೀಗಾಗಿ ದೇವದುರ್ಗಕ್ಕೆ ಹೊರಟ ದಿನ ಪ್ರತಿ ಉಬ್ಬಿನಲ್ಲೂ ನಾನು ಇಳಿಯುವುದು, ಕಾರು ದಾಟಿದ ಮೇಲೆ ಹತ್ತುವುದು ನಡೆದಿತ್ತು. ಸಿಸ್ಟರಮ್ಮನ ಕಣ್ಣು ಮಾತ್ರ ರಸ್ತೆ ಬಿಟ್ಟು ಕದಲುತ್ತಿರಲಿಲ್ಲ.

ಕಲ್ಮಲ ಊರಿನ ಉಬ್ಬಿನಲ್ಲೂ ಇಳಿದೆ. ಕಾರು ದಾಟಿತು, ನಿಲ್ಲಲಿಲ್ಲ. "ಸಿಸ್ಟರಮ್ಮಾ, ನಿಂದರ್‍ರೀ!" ಎಂದು ಕೂಗುತ್ತ ಓಡಿದೆ. ಆ ಎಂಜಿನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲ. ಹಿಂದೆ ಬಂದ ಬಸ್ಸು ಹತ್ತಿದೆ.

ದೇವದುರ್ಗದ ಬಸ್‌ಸ್ಟ್ಯಾಂಡ್ ಎದುರು ಸಿಸ್ಟರಮ್ಮ ಮುಖ ಗಂಟಿಕ್ಕಿಕೊಂಡು ಮಿರ್ಚಿ ತಿನ್ನುತ್ತಿದ್ದರು.

"ದಾರಿ ಉದ್ದಕ್ಕ ನಾನೊಬ್ಬಾಕಿನ ಮಾತಾಡ್ಕೋತ ಬಂದೆ. ನೀವು ಒಂದಕ್ಕೂ ಹೂಂ ಅನ್ನಲಿಲ್ಲ. ಊರು ಬಂದ ಕೂಡ್ಲೆ ಹೇಳದ ಕೇಳದ ಇಳದು ಹೋದ್ರಿ. ನನ್ನ ಮ್ಯಾಲ ಅಷ್ಟ್ಯಾಕ ಸಿಟ್ಟು, ಮಾಸ್ತರ?"